ಅಲ್ಟ್ರಾ ಓಟಕ್ಕೆ ವಾಲಂಟಿಯರ್ ಆಗಿ ಹೋಗ್ತಿದ್ದೇನೆ, ಏನೇನು ಗೊತ್ತಿರಬೇಕು?

ಪ್ರಶ್ನೆ: ಚಿಕ್ಕಮಗಳೂರು ಕಡೆ ಕಾಫಿ ತೋಟಗಳಲ್ಲಿ ನಡೆಯುವ 50 ಮತ್ತು 100 ಕಿ.ಮೀ. ಓಟಕ್ಕೆ ಮೊದಲ ಸಲ ಹೆಸರು ಕೊಟ್ಟಿದ್ದೇನೆ. ಏಡ್ ಸ್ಟೇಷನ್‌ನಲ್ಲಿ (ದಾರಿಯಲ್ಲಿ ಓಟಗಾರರಿಗೆ ನೀರು, ತಿಂಡಿ ಕೊಡುವ ಜಾಗ) ಸಂಜೆ 6ರಿಂದ ಬೆಳಗಿನ ಜಾವ 4ರವರೆಗೆ ಡ್ಯೂಟಿ. ಸುಮಾರು 150 ಜನ ಬರ್ತಾರಂತೆ. ನಾನು ಓಡುವವಳಲ್ಲ. ಹೇಗೆ ತಯಾರಾಗಲಿ, ಎಲ್ಲಿ ಎಡವಟ್ಟಾಗುತ್ತೆ? ಅನುಭವ ಇರುವವರು ದಯವಿಟ್ಟು ತಿಳಿಸಿ.

ಉತ್ತರ 1
ಮೇಡಂ, ಊಟ-ತಿಂಡಿಯ ಚಿಂತೆ ಆಮೇಲೆ. ಮೊದಲು ಬಿಬ್ (ಓಟಗಾರರು ಎದೆ ಮೇಲೆ ಹಾಕಿಕೊಳ್ಳುವ ಚೀಟಿ) ನಂಬರಿನ ಪಟ್ಟಿ. ಬಂದ ಹೊತ್ತು, ಹೋದ ಹೊತ್ತು ಎರಡಕ್ಕೂ ಬೇರೆ ಬೇರೆ ಕಾಲಂ ಇರಲಿ. ಬರೆಯೋದಕ್ಕೆ ಒಬ್ಬರನ್ನು ಕೂರಿಸಿ, ಅವರಿಗೆ ಬೇರೆ ಕೆಲಸ ಹೇಳಬೇಡಿ. ಬಾಳೆಹಣ್ಣು ಕೊಡುತ್ತಾ ನಂಬರ್ ಬರೆಯೋಕೆ ಹೋದರೆ ನಾಲ್ಕು ಜನ ಒಟ್ಟಿಗೆ ಬಂದಾಗ ಒಂದು ನಂಬರ್ ತಪ್ಪಿಯೇ ತಪ್ಪುತ್ತೆ. ತಪ್ಪಿದ ಆ ಒಬ್ಬರನ್ನು ಹುಡುಕಲು ರಾತ್ರಿ ಹೊತ್ತು ಜೀಪ್ ಕಳಿಸಬೇಕಾಗುತ್ತೆ.

ಪೆನ್ ಬೇಡ, ಪೆನ್ಸಿಲ್ ಇಟ್ಟುಕೊಳ್ಳಿ. ಮಂಜು, ಮಳೆಗೆ ಶಾಯಿ ಹರಡಿ 3 ಯಾವುದು, 8 ಯಾವುದು ಗೊತ್ತಾಗಲ್ಲ. ಬಿಬ್ ಮೇಲೆ ಜಾಕೆಟ್ ಹಾಕಿಕೊಂಡು ಬರ್ತಾರೆ, ಕೇಳಿ ಬರೆದುಕೊಳ್ಳಿ, ಅವರೆದುರೇ ಒಮ್ಮೆ ಜೋರಾಗಿ ಓದಿ. ಓಟ ಕೈಬಿಡ್ತೀನಿ ಅಂದವರ ನಂಬರ್, ಸಮಯ ಬರೆದು ಸಹಿ ಹಾಕಿಸಿಕೊಳ್ಳಿ, ಬಿಬ್ ವಾಪಸ್ ಪಡೆದು ಕೂಡಲೇ ಆಯೋಜಕರ ಕಂಟ್ರೋಲ್ ರೂಮಿಗೆ ತಿಳಿಸಿ. ತೋಟದೊಳಗೆ ಮೊಬೈಲ್ ಸಿಗ್ನಲ್ ನಂಬಬೇಡಿ. ವಾಕಿಟಾಕಿ ಕೊಡ್ತಾರಾ, ಇಲ್ಲಾಂದ್ರೆ ಸುದ್ದಿ ಮುಟ್ಟಿಸೋದು ಹೇಗೆ ಅನ್ನೋದನ್ನ ಬ್ರೀಫಿಂಗ್‌ನಲ್ಲೇ ಕೇಳಿ.

ಉತ್ತರ 2
ನೀರಿನ ಲೆಕ್ಕ: ತಲೆಗೆ ಒಂದು ಲೀಟರ್ ಅಂದರೆ 150 ಲೀಟರ್. ಅಡುಗೆ, ಕೈ ತೊಳೆಯೋದು ಅಂತ 50 ಸೇರಿಸಿ, ಮೇಲೆ ಐದನೇ ಒಂದು ಪಾಲು ಹೆಚ್ಚಿಗೆ. ಒಟ್ಟು 20 ಲೀಟರಿನ 12 ಕ್ಯಾನ್. ಕ್ಯಾನ್ ಬಗ್ಗಿಸಿ ಸುರಿದರೆ ಅರ್ಧ ನೀರು ನೆಲಕ್ಕೆ, ನಿಮ್ಮ ಸೊಂಟವೂ ಹೋಗುತ್ತೆ. ಎರಡು ಕೈಪಂಪ್ ಬೇಕೇ ಬೇಕು. ಪೇಪರ್ ಲೋಟ ಇಡಬೇಡಿ, ಗಾಳಿಗೆ ತೋಟವೆಲ್ಲ ಹರಡುತ್ತೆ. ಅವರ ಬಾಟಲಿಗೇ ತುಂಬಿಸಿ.

ಓಆರ್‌ಎಸ್‌ನಲ್ಲಿ ಎಲ್ಲರೂ ಎಡವುತ್ತಾರೆ. ಸುಮಾರು 21 ಗ್ರಾಂನ ದೊಡ್ಡ ಪ್ಯಾಕೆಟ್ ಒಂದು ಲೀಟರಿಗೆ, 4 ಗ್ರಾಂ ಚಿಲ್ಲರೆಯ ಚಿಕ್ಕದು 200 ಎಂ.ಎಲ್.ಗೆ. ದೊಡ್ಡದನ್ನು ಒಂದು ಲೋಟಕ್ಕೆ ಸುರಿದರೆ ಐದು ಪಟ್ಟು ಗಟ್ಟಿಯಾಗುತ್ತೆ, ಕುಡಿದವರು ವಾಂತಿ ಮಾಡ್ಕೋತಾರೆ. ಪ್ಯಾಕೆಟ್ ಮೇಲಿನ ಅಳತೆ ಓದಿ, ಒಂದು ಕ್ಯಾನಿಗೆ ಒಟ್ಟಿಗೆ ಕಲಸಿ, "ಓಆರ್‌ಎಸ್" ಅಂತ ದೊಡ್ಡದಾಗಿ ಚೀಟಿ ಅಂಟಿಸಿ.

ತಿನ್ನೋಕೆ ಬೇಯಿಸಿದ ಆಲೂಗಡ್ಡೆಯಷ್ಟು ಚೆನ್ನಾಗಿ ಖರ್ಚಾಗೋದು ಬೇರೊಂದಿಲ್ಲ. ಕೆ.ಜಿ.ಗೆ 8-10 ಬರುತ್ತೆ, ನಾಲ್ಕು ಹೋಳು ಮಾಡಿದರೆ 32-40 ತುಂಡು. 150 ಜನಕ್ಕೆ 10 ಕೆ.ಜಿ. ಸಾಕು. ಉಪ್ಪು ಪಕ್ಕದ ತಟ್ಟೆಯಲ್ಲಿರಲಿ, ಅದ್ದಿಕೊಂಡು ತಿಂತಾರೆ. ಏಲಕ್ಕಿ ಬಾಳೆ ಇಡಿಯಾಗಿ, ಪಚ್ಚಬಾಳೆ ಸಿಪ್ಪೆ ಸಮೇತ ಅರ್ಧ ಮಾಡಿ. ರಾತ್ರಿ 10ರ ಮೇಲೆ ಸಿಹಿ ಯಾರಿಗೂ ಸೇರಲ್ಲ. ಬಿಸಿ ಗಂಜಿ, ತಿಳಿಸಾರು, ಕಪ್ಪು ಕಾಫಿ ಕೇಳ್ತಾರೆ. ಹಾಗಾಗಿ ಗ್ಯಾಸ್ ಸಿಲಿಂಡರ್ ಅರ್ಧ ಖಾಲಿಯಾದದ್ದು ಬಂದಿದೆಯಾ ಅಂತ ಸಂಜೆಯೇ ಎತ್ತಿ ನೋಡಿ.

ಉತ್ತರ 3
ಬಂದವರಿಗೆಲ್ಲ ಒತ್ತಾಯ ಮಾಡಿ ನೀರು ಕುಡಿಸಿ, ಡಿಹೈಡ್ರೇಷನ್ ಆಗದ ಹಾಗೆ ನೋಡಿಕೊಳ್ಳಿ.

ಉತ್ತರ 4 (ಮೆಡಿಕಲ್ ಟೆಂಟ್‌ನಲ್ಲಿ ಕೆಲಸ ಮಾಡುವವರು)
ಮೇಲಿನ ಸಲಹೆ ಒಪ್ಪೋಕಾಗಲ್ಲ, ಕ್ಷಮಿಸಿ. ಒತ್ತಾಯದ ನೀರು ಪ್ರಾಣಕ್ಕೇ ಸಂಚಕಾರ ತರಬಹುದು. ಗಂಟೆಗಟ್ಟಲೆ ಬೇಕಾದ್ದಕ್ಕಿಂತ ಹೆಚ್ಚು ನೀರು ಕುಡಿದರೆ ರಕ್ತದ ಸೋಡಿಯಂ ಲೀಟರಿಗೆ 135 ಮಿಲಿಮೋಲ್‌ಗಿಂತ ಕೆಳಗಿಳಿಯುತ್ತೆ, ತೀರಾ ಇಳಿದರೆ ಮಿದುಳು ಊದಿಕೊಳ್ಳುತ್ತೆ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಜನರ ರಕ್ತ ಪರೀಕ್ಷಿಸಿದಾಗ ಶೇ. 13ರಷ್ಟು ಜನರಲ್ಲಿ ಸೋಡಿಯಂ ಹೀಗೆ ಇಳಿದಿತ್ತು. ಅದು ಬರೀ 42 ಕಿ.ಮೀ. ಓಟ. ಬಾಯಾರಿದಷ್ಟು ಕುಡಿಯಲಿ, ಅಷ್ಟೇ.

ನೀವು ನೋಡಬೇಕಾದ್ದು ಮುಖ ಮತ್ತು ಕೈ. ಬೆರಳು ಊದಿ ಉಂಗುರ, ವಾಚ್ ಬಿಗಿಯಾಗಿದೆಯಾ? ತಲೆನೋವು, ವಾಂತಿ, ತೊದಲು ಮಾತು? ಇದ್ದರೆ ನೀರು ಕೊಡಬೇಡಿ, ಡಾಕ್ಟರನ್ನು ಕರೆಸಿ. "ಇದು ಯಾವ ಸ್ಟೇಷನ್, ಮುಂದಿನದು ಎಷ್ಟು ದೂರ?" ಅಂತ ಕೇಳಿ ನೋಡಿ. ಉತ್ತರ ಹಳಿ ತಪ್ಪಿದರೆ ಅವರನ್ನು ಮುಂದಕ್ಕೆ ಬಿಡಬೇಡಿ. ಬ್ರೂಫೆನ್ ತರಹದ ನೋವಿನ ಮಾತ್ರೆ ಯಾರು ಎಷ್ಟೇ ಕೇಳಿದರೂ ಕೊಡಬೇಡಿ. ನೀರು ಕಡಿಮೆಯಾದ ಮೈಯಲ್ಲಿ ಕಿಡ್ನಿಗೆ ಪೆಟ್ಟು.

ಇನ್ನೊಂದು ಚಳಿ. 2021ರ ಮೇ 22ರಂದು ಚೀನಾದ ಗಾನ್ಸುವಿನಲ್ಲಿ 100 ಕಿ.ಮೀ. ಓಟದ ನಡುವೆ ಆಲಿಕಲ್ಲು ಮಳೆ, ಗಾಳಿ ಬಂದು 21 ಜನ ತೀರಿಕೊಂಡರು. ಅಲ್ಲಿ ಗಾಳಿ ತಡೆಯುವ ಜಾಕೆಟ್ ಕಡ್ಡಾಯ ಮಾಡಿರಲಿಲ್ಲ. ಮಲೆನಾಡು ಅಷ್ಟು ಎತ್ತರವಲ್ಲ, ಆದರೆ ನೆನೆದ ಬಟ್ಟೆಗೆ ರಾತ್ರಿಯ ಗುಡ್ಡದ ಗಾಳಿ ತಾಗಿದರೆ ನಡುಕ ಬಂದೇ ಬರುತ್ತೆ. ಮೊದಲು ಒದ್ದೆ ಬಟ್ಟೆ ತೆಗೆಸಿ, ಆಮೇಲೆ ಕಂಬಳಿ ಹೊದಿಸಿ. ಒದ್ದೆಯ ಮೇಲೆ ಹೊದಿಸಿದರೆ ಪ್ರಯೋಜನ ಕಡಿಮೆ.

ಉತ್ತರ 5 (ದಾರಿ ಗುರುತು ಮತ್ತು ಸ್ವೀಪ್, ಅಂದರೆ ಕೊನೆಯ ಓಟಗಾರರ ಹಿಂದೆ ಬರುವ ಕೆಲಸ ಮಾಡುವವರು)
ನಿಮ್ಮ ಸ್ಟೇಷನ್‌ನಿಂದ ಹೊರಡುವ ದಾರಿಯಲ್ಲಿ ಕತ್ತಲಾಗುವ ಮೊದಲು 200 ಮೀಟರ್ ನಡೆದು ನೋಡಿ. ತಿರುವಿಗೆ ಮೊದಲು ಒಂದೇ ಕಡೆ ಮೂರು ರಿಬ್ಬನ್, ತಿರುಗಿದ ಮೇಲೆ 20-30 ಮೀಟರಿಗೆ ಖಾತರಿಗೆ ಇನ್ನೊಂದು ಇರಬೇಕು. ಬೇಡದ ದಾರಿಗೆ ಅಡ್ಡಲಾಗಿ ಸುಣ್ಣದ ಪುಡಿಯ ಗೆರೆ. ದನ ರಿಬ್ಬನ್ ಎಳೆದು ತಿನ್ನುತ್ತೆ, ಮಕ್ಕಳು ಬಿಚ್ಚಿಕೊಂಡು ಹೋಗ್ತಾರೆ, ಅದಕ್ಕೇ ಎದೆಮಟ್ಟಕ್ಕಿಂತ ಮೇಲೆ ಕಟ್ಟೋದು. ರಾತ್ರಿಗೆ ರಿಫ್ಲೆಕ್ಟರ್ ಇಲ್ಲದ ರಿಬ್ಬನ್ ಇದ್ದೂ ಇಲ್ಲದ ಹಾಗೆ. ಆನೆ ಬಂದಿದೆ ಅಂತ ಸುದ್ದಿ ಬಂದರೆ ಎಲ್ಲರನ್ನೂ ಸ್ಟೇಷನ್‌ನಲ್ಲೇ ಕೂರಿಸಿ. ನಿಂತ ಸಮಯ ಬರೆದಿಟ್ಟರೆ ಆಯೋಜಕರು ಆಮೇಲೆ ಸರಿಮಾಡ್ತಾರೆ.

ಪ್ರಶ್ನೆ ಕೇಳಿದವರು: ತುಂಬಾ ಉಪಕಾರ. ಕಟ್‌ಆಫ್ (ಸ್ಟೇಷನ್ ದಾಟಲು ಇಟ್ಟ ಕೊನೆಯ ಹೊತ್ತು) ಮೀರಿ ಐದು ನಿಮಿಷಕ್ಕೆ ಬಂದು ಬಿಡಿ ಅಂತ ಬೇಡಿಕೊಂಡರೆ?

ಉತ್ತರ 1
ಬಿಡಬೇಡಿ. ಮುಂದಿನ ಸ್ಟೇಷನ್‌ನವರು, ಸ್ವೀಪ್, ಆಂಬುಲೆನ್ಸ್ ಎಲ್ಲ ಆ ಹೊತ್ತಿನ ಮೇಲೇ ನಿಂತಿರ್ತಾರೆ. ಕಟ್‌ಆಫ್‌ಗೆ ಅರ್ಧ ಗಂಟೆ ಇರುವಾಗಿನಿಂದ ಬಂದವರಿಗೆಲ್ಲ ಇನ್ನೆಷ್ಟು ನಿಮಿಷ ಉಳಿದಿದೆ ಅಂತ ಹೇಳ್ತಾ ಇರಿ, ಕೊನೆಗೆ ಜಗಳ ಬರೋದು ಕಡಿಮೆ. ತಡೆದವರನ್ನು ಮಾತ್ರ ಅಕ್ಕರೆಯಿಂದ ನೋಡಿಕೊಳ್ಳಿ. ಬಿಸಿ ಏನಾದರೂ ಕೈಗೆ ಕೊಟ್ಟು, ಗಾಡಿ ಎಷ್ಟು ಹೊತ್ತಿಗೆ ಬರುತ್ತೆ ಅಂತ ನಿಜ ಹೇಳಿ. ಕುರ್ಚಿಗಳನ್ನು ಒಲೆ ಹತ್ತಿರ ಹಾಕಬೇಡಿ. ಇನ್ನೂ ಓಡಬಲ್ಲವರು ಅಲ್ಲಿ ಕೂತರೆ ಏಳಲ್ಲ.

ಉತ್ತರ 2
ನಿಮಗಾಗಿ: ಹೆಡ್‌ಟಾರ್ಚ್, ಹೆಚ್ಚಿಗೆ ಬ್ಯಾಟರಿ, ಸ್ವೆಟರ್, ರೇನ್‌ಕೋಟ್, ಎರಡು ಜೊತೆ ಸಾಕ್ಸ್. ಬೆಳಗಿನ ಜಾವ 2ರಿಂದ 4 ತೂಕಡಿಕೆಯ ಹೊತ್ತು, ಪಟ್ಟಿ ಬರೆಯುವವರನ್ನು ಗಂಟೆಗೊಮ್ಮೆ ಬದಲಿಸಿ. ಇಂಬಳ (ಜಿಗಣೆ) ಕಚ್ಚಿದರೆ ಎಳೆಯಬೇಡಿ, ಉಗುರಿನಿಂದ ಬದಿಗೆ ಜಾರಿಸಿ. ರಕ್ತ ಬೇಗ ನಿಲ್ಲಲ್ಲ, ಹೆದರದೆ ಹತ್ತಿ ಒತ್ತಿಹಿಡಿಯಿರಿ.

4 ಗಂಟೆಗೆ ಬದಲಿ ತಂಡ ಬಂದಾಗ ಪಟ್ಟಿಯನ್ನು ಬಾಯಲ್ಲಿ ಹೇಳಿ ಮುಗಿಸಬೇಡಿ. ಯಾರ್ಯಾರು ಇನ್ನೂ ಬಂದಿಲ್ಲ ಅಂತ ಒಂದೊಂದೇ ನಂಬರ್ ಓದಿ ಒಪ್ಪಿಸಿ. ಬದಲಿಯವರು ಬರದಿದ್ದರೆ ಸ್ವೀಪ್ ದಾಟುವವರೆಗೆ ಒಂದು ಕ್ಯಾನ್ ನೀರು, ಒಲೆ, ದೀಪ ಹಾಗೇ ಇರಲಿ.