ಮೊದಲ ಸಲ ಟ್ರಕ್ ಎಂಜಿನ್ ಬಿಚ್ಚುತ್ತಿದ್ದೇನೆ: ಪವರ್ ಬೇಕು, ಬಾಳಿಕೆಯೂ ಬೇಕು

ಆರು ಸಿಲಿಂಡರ್:

ಎಲ್ಲರಿಗೂ ನಮಸ್ಕಾರ. ನನ್ನದು 1996ರ ಪಿಕಪ್ ಟ್ರಕ್. ಕಮಿನ್ಸ್ 6ಬಿಟಿ ಎಂಜಿನ್, 5.9 ಲೀಟರ್, 12 ವಾಲ್ವ್, ಪಿ7100 ಇನ್‌ಲೈನ್ ಡೀಸೆಲ್ ಪಂಪ್, ಮ್ಯಾನುಯಲ್ ಗೇರ್. ಹೊಸದರಲ್ಲಿ 215 ಎಚ್‌ಪಿ. ಈಗ ಬೋರ್‌ಗೆ ಬಂದಿದೆ, ಅಂದರೆ ಸಿಲಿಂಡರ್ ಗೋಡೆ ಸವೆದಿದೆ ಅಂತ ಕಾಣುತ್ತದೆ. ಎಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್‌ನಲ್ಲಿ ಹೊಗೆ ಬುಸುಗುಡುತ್ತದೆ. 1000 ಕಿ.ಮೀ.ಗೆ ಒಂದು ಲೀಟರ್ ಆಯಿಲ್ ಕುಡಿಯುತ್ತಿದೆ. ಲೋಡ್ ಹಾಕಿಕೊಂಡು ಏರು ಹತ್ತುವಾಗ ಮೊದಲಿನ ಎಳೆತ ಇಲ್ಲ.

ನಾನು ಮೆಕ್ಯಾನಿಕ್ ಅಲ್ಲ. ಬ್ರೇಕ್, ಕ್ಲಚ್, ಟ್ಯಾಪೆಟ್ ಸೆಟ್ಟಿಂಗ್ ನಾನೇ ಮಾಡಿಕೊಳ್ಳುತ್ತೇನೆ. ಪೂರ್ತಿ ಎಂಜಿನ್ ಬಿಚ್ಚುವುದು ಇದೇ ಮೊದಲು. ಹೇಗೂ ಬಿಚ್ಚುತ್ತೇನಲ್ಲ, 350 ಎಚ್‌ಪಿ ಬರುವ ಹಾಗೆ ಕಟ್ಟೋಣ ಅಂತ ಆಸೆ. ದೊಡ್ಡ ಇಂಜೆಕ್ಟರ್, ದೊಡ್ಡ ಟರ್ಬೊ, ಹೆಡ್ ಬಿಗಿಯುವ ಸ್ಟಡ್, ವಾಲ್ವ್ ತೆರೆಯುವ ಬೇರೆ ಕ್ಯಾಮ್, ಗಟ್ಟಿ ವಾಲ್ವ್ ಸ್ಪ್ರಿಂಗ್ ಅಂತ ಪಟ್ಟಿ ಮಾಡಿಟ್ಟಿದ್ದೇನೆ. ಬ್ಲಾಕ್‌ಗೆ ಹೋನಿಂಗ್ ಮಾಡಿಸಿ (ಸಿಲಿಂಡರ್ ಗೋಡೆ ಕಲ್ಲಿನಲ್ಲಿ ತೆಳ್ಳಗೆ ಉಜ್ಜಿಸಿ) ಹೊಸ ರಿಂಗ್ ಹಾಕಿದರೆ ಸಾಕಾ, ಬೋರ್ ಮಾಡಿಸಲೇಬೇಕಾ (ಗೋಡೆ ಕೊರೆಸಿ ದೊಡ್ಡದು ಮಾಡಿಸಬೇಕಾ)? ಪಟ್ಟಿಯಲ್ಲಿ ಯಾವುದನ್ನು ಮೊದಲು ತರಿಸಲಿ?

ಹಳೇ ಸ್ಪ್ಯಾನರ್:

ಸದ್ಯಕ್ಕೆ ಯಾವುದನ್ನೂ ತರಿಸಬೇಡಿ. ಈ ಎಂಜಿನ್ ಯಾಕೆ ಸವೆಯಿತು ಅನ್ನುವುದು ಮೊದಲು ಗೊತ್ತಾಗಬೇಕು. ಆ ಕಾರಣ ಗಾಡಿಯಲ್ಲೇ ಉಳಿದುಬಿಟ್ಟರೆ ಹೊಸ ಪಿಸ್ಟನ್ನೂ ಅದೇ ದಾರಿ ಹಿಡಿಯುತ್ತದೆ.

ಎಂಜಿನ್ ಇಳಿಸುವ ಮುಂಚೆ ಅರ್ಧ ಗಂಟೆಯ ಕೆಲಸ ಒಂದಿದೆ. ಏರ್ ಫಿಲ್ಟರ್‌ನಿಂದ ಟರ್ಬೊಗೆ ಹೋಗುವ ಹೋಸ್ ಬಿಚ್ಚಿ. ಒಳಗೆ ಬಿಳಿ ಬಟ್ಟೆಯಿಂದ ಒರೆಸಿ. ಅಲ್ಲಿ ಧೂಳು ಇರಲೇಬಾರದು. ಟಾರ್ಚ್ ಹಿಡಿದು ಟರ್ಬೊದ ಕಂಪ್ರೆಸರ್ ಚಕ್ರ ನೋಡಿ. ರೆಕ್ಕೆಗಳ ಮುಂದಿನ ಅಂಚು ನೇರವಾಗಿ, ಚೂಪಾಗಿ ಇರಬೇಕು. ಅಂಚು ಮೊಂಡಾಗಿ ಉಜ್ಜಿಹೋಗಿದ್ದರೆ ಧೂಳು ಒಳಗೆ ಹೋಗುತ್ತಿದೆ ಅಂತಲೇ ಅರ್ಥ. ಎಂಥ ಒಳ್ಳೆ ರಿಂಗ್ ಹಾಕಿದರೂ ಮರಳು ತಿಂದು ಬಾಳುವುದಿಲ್ಲ.

ಬೋರ್ ವಿಚಾರಕ್ಕೆ ಬರೋಣ. 6ಬಿಟಿಯಲ್ಲಿ ಲೈನರ್, ಅಂದರೆ ಬದಲಿಸಬಹುದಾದ ಸಿಲಿಂಡರ್ ತೋಳು ಇಲ್ಲ. ಪಿಸ್ಟನ್ ನೇರವಾಗಿ ಬ್ಲಾಕ್‌ನಲ್ಲೇ ಓಡುತ್ತದೆ. ಬೋರ್ 102 ಮಿ.ಮೀ, ಸ್ಟ್ರೋಕ್ 120. ಬೋರ್ ಗೇಜ್ ತಗೊಂಡು ಪ್ರತಿ ಸಿಲಿಂಡರ್‌ನಲ್ಲಿ ಮೇಲೆ, ನಡುವೆ, ಕೆಳಗೆ ಅಳೆಯಿರಿ. ಪ್ರತಿ ಜಾಗದಲ್ಲೂ ಉದ್ದಕ್ಕೆ ಒಂದು, ಅಡ್ಡಕ್ಕೆ ಒಂದು. ಒಟ್ಟು 36 ಅಳತೆ ಆಗುತ್ತದೆ. ಮೇಲಿನ ರಿಂಗ್ ಬಂದು ತಿರುಗುವ ಜಾಗದಲ್ಲಿ ಸವೆತ ಜಾಸ್ತಿ ಇರುತ್ತದೆ, ಅಲ್ಲಿ ತಪ್ಪದೆ ಹಿಡಿಯಿರಿ. ಗೋಡೆ ಮೇಲಿಂದ ಕೆಳಕ್ಕೆ ಕೊಳವೆಯ ಹಾಗೆ ಒಂದೇ ಸಮ ಇದ್ದರೆ ಹೋನಿಂಗ್ ಸಾಕು. ಲಾಳಿಕೆಯ ಹಾಗೆ ಮೇಲೆ ಅಗಲವಾಗಿದ್ದರೆ ಬೋರ್ ಮಾಡಿಸಲೇಬೇಕು. ಯಾಕೆಂದರೆ ಪಿಸ್ಟನ್ ಒಂದೊಂದು ಸಲ ಮೇಲೆ ಕೆಳಗೆ ಹೋದಾಗಲೂ ರಿಂಗ್ ಹಿಗ್ಗಿ ಕುಗ್ಗಿ ದಣಿಯುತ್ತದೆ.

ಪವರ್ ಅಂದರೇನು? ಜಾಸ್ತಿ ಡೀಸೆಲ್, ಜಾಸ್ತಿ ಗಾಳಿ. ಅಷ್ಟೇ ಜಾಸ್ತಿ ಬಿಸಿ, ಅಷ್ಟೇ ಜಾಸ್ತಿ ಒತ್ತಡ. ಅದನ್ನು ತಡೆದುಕೊಳ್ಳುವ ಕೆಲಸ ಬಹಳ ಸಣ್ಣ ಅಳತೆಗಳಲ್ಲಿ ಇರುತ್ತದೆ. ರಿಂಗ್‌ನ ಎರಡು ತುದಿಗಳ ನಡುವಿನ ಸಂದು, ಅಂದರೆ ರಿಂಗ್ ಗ್ಯಾಪ್ ತಗೊಳ್ಳಿ. 102 ಮಿ.ಮೀ ಬೋರ್‌ನ ಸುತ್ತಳತೆ ಸುಮಾರು 320 ಮಿ.ಮೀ. ರಿಂಗ್ ಸಿಲಿಂಡರ್ ಗೋಡೆಗಿಂತ 100 ಡಿಗ್ರಿ ಜಾಸ್ತಿ ಕಾದರೆ ಸುಮಾರು 0.35 ಮಿ.ಮೀ ಉದ್ದವಾಗುತ್ತದೆ. ಗ್ಯಾಪ್ ಅಷ್ಟಿಲ್ಲದಿದ್ದರೆ ಎರಡೂ ತುದಿ ಒಂದಕ್ಕೊಂದು ಗುದ್ದಿ ನಿಲ್ಲುತ್ತವೆ. ರಿಂಗ್‌ಗೆ ಹಿಗ್ಗಲು ಜಾಗವಿಲ್ಲ. ಗೋಡೆ ಕೆರೆಯುತ್ತದೆ, ಇಲ್ಲವೇ ಪಿಸ್ಟನ್‌ನ ಅಂಚನ್ನೇ ಕೀಳುತ್ತದೆ. ಪವರ್ ಹೆಚ್ಚಿಸುವ ಎಂಜಿನ್‌ಗೆ ಕಂಪನಿ ಕೊಟ್ಟ ಮಿತಿಯ ದೊಡ್ಡ ಕಡೆಗೆ ಗ್ಯಾಪ್ ಇಡಿ. ಡಬ್ಬಿಯಿಂದ ತೆಗೆದ ರಿಂಗ್ ಸರಿ ಇರುತ್ತದೆ ಅಂತ ನಂಬಬೇಡಿ. ಒಂದೊಂದನ್ನೂ ಅದರದೇ ಬೋರ್‌ಗೆ ಇಳಿಸಿ, ಪಿಸ್ಟನ್ ತಲೆಯಿಂದ ನೇರ ಒತ್ತಿ, ಫೀಲರ್ ಗೇಜ್ ಹಾಕಿ ನೋಡಿ.

ಇನ್ನು ತೊಳೆಯುವುದು. ನನ್ನ ಮೊದಲ ಎಂಜಿನ್ ಕೆಟ್ಟಿದ್ದು ಇಲ್ಲೇ. ಕ್ರ್ಯಾಂಕ್ ಗ್ರೈಂಡ್ ಮಾಡಿಸಿ ತಂದೆ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಒರೆಸಿ ಹಾಗೇ ಕೂರಿಸಿದೆ. ಒಳಗಿನ ಆಯಿಲ್ ತೂತುಗಳಿಗೆ ಬ್ರಷ್ ಹಾಕಲಿಲ್ಲ. ಮೂರು ವಾರಕ್ಕೆ ಆಯಿಲ್ ಪ್ರೆಶರ್ ಇಳಿಯಿತು. ಕೆಳಗಿನ ಆಯಿಲ್ ಚೇಂಬರ್ ಬಿಚ್ಚಿ, ಕನೆಕ್ಟಿಂಗ್ ರಾಡ್ ಕ್ರ್ಯಾಂಕ್ ಹಿಡಿಯುವ ಕಡೆಯ ಬಿಗ್ ಎಂಡ್ ಕ್ಯಾಪ್ ತೆಗೆದೆ. ಹೊಸ ಬೇರಿಂಗ್ ಮೇಲೆ ಸೂಜಿಯಲ್ಲಿ ಗೀರಿದ ಹಾಗೆ ಸಾಲು ಸಾಲು. ಎಲ್ಲ ಗೆರೆಯೂ ಆಯಿಲ್ ತೂತಿನ ನೇರಕ್ಕೇ ಶುರುವಾಗಿದ್ದವು. ಗ್ರೈಂಡಿಂಗ್ ಕಲ್ಲಿನ ಪುಡಿ ಅಲ್ಲೇ ಕೂತಿತ್ತು. ಬೆರಳಿನಲ್ಲಿ ಸವರಿದರೆ ಈಗಲೂ ಆ ಗರಗರ ನೆನಪಾಗುತ್ತದೆ. ಎರಡು ತಿಂಗಳ ದುಡಿಮೆ ಅದು.

ಹಾಗಾಗಿ ಬೋರ್ ಆದ ಮೇಲೆ ಸಿಲಿಂಡರ್‌ಗಳನ್ನು ಬಿಸಿ ನೀರು, ಸೋಪು, ಗಟ್ಟಿ ಬ್ರಷ್ ಹಾಕಿ ಉಜ್ಜಿ. ಡೀಸೆಲ್, ಪೆಟ್ರೋಲ್‌ನಲ್ಲಿ ತೊಳೆದರೆ ಎಣ್ಣೆ ಹೋಗುತ್ತದೆ, ಹೋನಿಂಗ್ ಪುಡಿ ಗೀರುಗಳಲ್ಲೇ ಉಳಿಯುತ್ತದೆ. ಒಣಗಿಸಿದ ತಕ್ಷಣ ಆಯಿಲ್ ಸವರಿ, ಇಲ್ಲದಿದ್ದರೆ ನೋಡನೋಡುತ್ತಲೇ ತುಕ್ಕು. ಆಮೇಲೆ ಬಿಳಿ ಬಟ್ಟೆಯಲ್ಲಿ ಒರೆಸಿ. ಬಟ್ಟೆ ಬೂದು ಬಣ್ಣಕ್ಕೆ ತಿರುಗಿದರೆ ಮತ್ತೆ ಸೋಪು. ಬ್ಲಾಕ್‌ನ ಆಯಿಲ್ ದಾರಿಯ ಪ್ಲಗ್ ಬಿಚ್ಚಿ ಉದ್ದ ಬ್ರಷ್ ಎಳೆಯಿರಿ. ಪಿಸ್ಟನ್ ತಳಕ್ಕೆ ಆಯಿಲ್ ಚಿಮ್ಮುವ ದಾರಿಯೂ ಕಟ್ಟಿರಬಾರದು. 350 ಎಚ್‌ಪಿಯಲ್ಲಿ ಪಿಸ್ಟನ್ ಉಳಿಸುವುದು ಆ ಆಯಿಲ್.

ನಿಮ್ಮ ಪಟ್ಟಿಯಲ್ಲಿ ಸ್ಟಡ್, ಸ್ಪ್ರಿಂಗ್ ಇರಲಿ. ಬೂಸ್ಟ್ (ಟರ್ಬೊ ಒತ್ತುವ ಗಾಳಿಯ ಒತ್ತಡ) ಜಾಸ್ತಿಯಾದಾಗ ಗಾಳಿಯೇ ಇನ್‌ಟೇಕ್ ವಾಲ್ವ್ ತಳ್ಳಲು ನೋಡುತ್ತದೆ, ಆಗ ಗಟ್ಟಿ ಸ್ಪ್ರಿಂಗ್ ಬೇಕು. ಕ್ಯಾಮ್ ಬದಲಿಸುವ ಅಗತ್ಯ ಈ ಮಟ್ಟಕ್ಕೆ ಇಲ್ಲ. ಇಂಜೆಕ್ಟರ್ ಒಂದು ಹೆಜ್ಜೆ ದೊಡ್ಡದು ಸಾಕು. ನೀವು ಬರೆಯದೆ ಬಿಟ್ಟಿರುವುದು ಎಕ್ಸಾಸ್ಟ್ ಟೆಂಪರೇಚರ್ ಗೇಜ್. ಟರ್ಬೊಗಿಂತ ಮುಂಚೆ, ಮ್ಯಾನಿಫೋಲ್ಡ್‌ನಲ್ಲೇ ಅದರ ಪ್ರೋಬ್ ಕೂರಿಸಿ. ಉದ್ದ ಏರಿನಲ್ಲಿ ಲೋಡ್ ಎಳೆಯುವಾಗ 700 ಡಿಗ್ರಿ ಸೆಲ್ಸಿಯಸ್ ದಾಟಲು ಬಿಡಬೇಡಿ. ಮುಳ್ಳು ಅಲ್ಲಿಗೆ ಬಂದರೆ ಕಾಲು ತೆಗೆಯಿರಿ, ಗೇರ್ ಇಳಿಸಿ. ಕ್ಲಚ್‌ಗೂ ದುಡ್ಡು ಎತ್ತಿಡಿ, ಟಾರ್ಕ್ ಏರಿದರೆ ಮೊದಲು ಜಾರುವುದು ಅದೇ.

ಲೇತ್ ಪಕ್ಕದವಳು:

ಅಣ್ಣ ಹೇಳಿದ್ದೆಲ್ಲ ಸರಿ. ಬೋರಿಂಗ್ ಮಾಡುವ ಕಡೆಯಿಂದ ನಾನು ನಾಲ್ಕು ಮಾತು ಸೇರಿಸುತ್ತೇನೆ. ಪಿಸ್ಟನ್ ಕೈಗೆ ಬರುವ ತನಕ ಬ್ಲಾಕ್ ಕೊಡಬೇಡಿ. ನಾವು ಪಿಸ್ಟನ್ ಅಳೆದು ಅದಕ್ಕೆ ತಕ್ಕ ಬೋರ್ ಮಾಡುತ್ತೇವೆ. ಈ ಎಂಜಿನ್‌ಗೆ 0.5 ಮತ್ತು 1.0 ಮಿ.ಮೀ ಓವರ್‌ಸೈಜ್, ಅಂದರೆ ಅಷ್ಟು ದೊಡ್ಡ ಪಿಸ್ಟನ್ ಸಿಗುತ್ತದೆ. 0.5ರಲ್ಲಿ ಎಲ್ಲ ಸಿಲಿಂಡರ್ ಚೊಕ್ಕವಾದರೆ ಅಲ್ಲಿಗೇ ನಿಲ್ಲಿಸಿ, ಮುಂದೆ ಇನ್ನೊಂದು ಸಲಕ್ಕೆ ಕಬ್ಬಿಣ ಉಳಿಯಲಿ. ಹೆಡ್ ಬದಲು ಬ್ಲಾಕ್ ಮೇಲೆ ಬಿಗಿಯುವ ದಪ್ಪ ಟಾರ್ಕ್ ಪ್ಲೇಟ್ ಕಟ್ಟಿ ಹೋನ್ ಮಾಡಿ ಅಂತ ಕೇಳಿ. ಹೆಡ್ ಬಿಗಿದಾಗ ಬೋರ್ ಸ್ವಲ್ಪ ಸೊಟ್ಟಗಾಗುತ್ತದೆ. ಪ್ಲೇಟ್ ಬಿಗಿದು ಹೋನ್ ಮಾಡಿದರೆ ಓಡುವಾಗ ದುಂಡಗಿರುತ್ತದೆ. ಸ್ಟಡ್ ಹಾಕುವುದಾದರೆ ಪ್ಲೇಟನ್ನೂ ಅದೇ ಸ್ಟಡ್‌ನಿಂದ, ಅದೇ ಟಾರ್ಕ್‌ಗೆ ಬಿಗಿಯಬೇಕು.

ಮುಂದಿನ ಗೇರ್ ಕೇಸ್ ಬಿಚ್ಚಿದಾಗ ಡವಲ್ ಪಿನ್ ಮರೆಯಬೇಡಿ. 12 ವಾಲ್ವ್ ಎಂಜಿನ್‌ನಲ್ಲಿ ಗೇರ್ ಹೌಸಿಂಗ್ ಕೂರಿಸುವ ಆ ಪಿನ್ ನಡುಕಕ್ಕೆ ಹೊರಬಂದು ಟೈಮಿಂಗ್ ಗೇರ್ ಮೇಲೆ ಬೀಳಬಹುದು. ಪಕ್ಕದ ಬೋಲ್ಟ್‌ಗೆ ಸಣ್ಣ ಉಕ್ಕಿನ ಪಟ್ಟಿ ಸಿಕ್ಕಿಸಿ ಪಿನ್‌ಗೆ ಅಡ್ಡ ಕೊಡಿ, ಬೋಲ್ಟ್‌ಗೆ ಥ್ರೆಡ್ ಲಾಕ್ ಹಾಕಿ.

ಆರು ಸಿಲಿಂಡರ್:

ಅಕ್ಕ, ಅಣ್ಣ, ಇಬ್ಬರಿಗೂ ಧನ್ಯವಾದ. ಹೋಸ್ ಬಿಚ್ಚಿದೆ. ಬಿಳಿ ಬಟ್ಟೆ ಕೆಂಪಗಾಯಿತು. ಫಿಲ್ಟರ್ ಡಬ್ಬಿಯ ಕಡೆ ಕ್ಲ್ಯಾಂಪ್ ಕೆಳಗೆ ರಬ್ಬರ್ ಸೀಳಿದೆ, ಮೇಲಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಕಂಪ್ರೆಸರ್ ರೆಕ್ಕೆಗಳ ಅಂಚೂ ಮೊಂಡಾಗಿದೆ. ಎಷ್ಟು ವರ್ಷದಿಂದ ಹೀಗೇ ಓಡಿಸಿದ್ದೇನೋ, ನೆನೆಸಿಕೊಂಡರೆ ಸಂಕಟವಾಗುತ್ತದೆ.

ಹೆಡ್ ಇಳಿಸಿ ಅಳತೆಯನ್ನೂ ಹಿಡಿದೆ. ಒಂದನೇ ಸಿಲಿಂಡರ್ ತೀರಾ ಮೋಸ. ಮೇಲೆ 102.19, ಕೆಳಗೆ 102.03. ಉಳಿದವು ಅದಕ್ಕಿಂತ ಸ್ವಲ್ಪ ವಾಸಿ. 0.5 ಓವರ್‌ಸೈಜ್‌ನಲ್ಲಿ ಆಗುತ್ತದಾ? ಇನ್ನೊಂದು ಭಯ ಮೊದಲ ಸ್ಟಾರ್ಟ್‌ದು. ಆ ಕೆಲವು ಸೆಕೆಂಡ್‌ನಲ್ಲೇ ಬೇರಿಂಗ್ ಒಣಗಿ ಓಡಿದರೆ?

ಲೇತ್ ಪಕ್ಕದವಳು:

ಆಳವಾದ ಗೀರು, ತುಕ್ಕಿನ ಗುಳಿ ಇಲ್ಲದಿದ್ದರೆ 0.5ರಲ್ಲಿ ಆರಾಮಾಗಿ ಆಗುತ್ತದೆ. ಆರಕ್ಕೂ ಒಂದೇ ಸೈಜ್ ಮಾಡಿಸಿ.

ಹಳೇ ಸ್ಪ್ಯಾನರ್:

ಸೀಳಿದ ಹೋಸ್ ಸಿಕ್ಕಿತಲ್ಲ, ತುಂಬಾ ಖುಷಿಯಾಯಿತು. ಅಂಚು ಉಜ್ಜಿದ ಆ ಟರ್ಬೊವನ್ನು ಮತ್ತೆ ಹಾಕಬೇಡಿ. ಇಂಟರ್‌ಕೂಲರ್ ಒಳಗೂ ಧೂಳು ಕೂತಿರುತ್ತದೆ, ಪೈಪುಗಳ ಸಮೇತ ತೊಳೆದು ಒಣಗಿಸಿ.

ಮೊದಲ ಸ್ಟಾರ್ಟ್‌ಗೆ ಹೀಗೆ ಮಾಡಿ. ಜೋಡಿಸುವಾಗಲೇ ಬೇರಿಂಗ್, ಕ್ಯಾಮ್, ಟ್ಯಾಪೆಟ್‌ಗೆ ಅಸೆಂಬ್ಲಿ ಲ್ಯೂಬ್ ಧಾರಾಳವಾಗಿ ಹಚ್ಚಿ. ಆಯಿಲ್ ಫಿಲ್ಟರ್ ತುಂಬಿಸಿ ಕಟ್ಟಿ. ಪಂಪ್‌ನ ಸ್ಟಾಪ್ ಲಿವರ್ ಆಫ್‌ನಲ್ಲೇ ಕಟ್ಟಿಹಾಕಿ, ಡೀಸೆಲ್ ಹೋಗಬಾರದು. ಟರ್ಬೊಗೆ ಆಯಿಲ್ ತರುವ ಪೈಪ್‌ನ ಟರ್ಬೊ ಕಡೆಯ ತುದಿ ಬಿಚ್ಚಿ ಡಬ್ಬಿಯೊಳಗೆ ಇಡಿ. ಹತ್ತು ಹತ್ತು ಸೆಕೆಂಡ್ ಸ್ಟಾರ್ಟರ್ ಹೊಡೆಯಿರಿ, ನಡುವೆ ಸ್ಟಾರ್ಟರ್ ಆರಲಿ. ಪೈಪ್‌ನಿಂದ ಆಯಿಲ್ ಬರುವುದನ್ನು ಕಣ್ಣಾರೆ ನೋಡಿ. ಟರ್ಬೊದ ಬಾಯಿಗೆ ಒಂದಿಷ್ಟು ಆಯಿಲ್ ಸುರಿದು ಪೈಪ್ ಕಟ್ಟಿ. ಗೇಜ್‌ನಲ್ಲಿ ಪ್ರೆಶರ್ ಏರುವ ತನಕ ಮತ್ತೆ ತಿರುಗಿಸಿ. ಆಮೇಲೆ ಲಿವರ್ ಬಿಡಿ.

ಸ್ಟಾರ್ಟ್ ಆದ ಮೇಲೆ ಸುಮ್ನೆ ಐಡಲ್‌ನಲ್ಲಿ ನಿಲ್ಲಿಸಿಕೊಂಡು ಕೂರಬೇಡಿ. ಸೋರಿಕೆ ನೋಡಿ, ಬಿಸಿಯಾಗಲು ಬಿಟ್ಟು ರಸ್ತೆಗೆ ತೆಗೆಯಿರಿ. ಲೋಡ್ ಇಲ್ಲದೆ ಐಡಲ್‌ನಲ್ಲಿ ಓಡಿದರೆ ಗೋಡೆ ನುಣುಪಾಗಿ ರಿಂಗ್ ಕೂರುವುದೇ ಇಲ್ಲ. ಮಧ್ಯಮ ಲೋಡ್ ಕೊಡಿ, ಬಿಡಿ, ಮತ್ತೆ ಕೊಡಿ. ಹೊಸ ಇಂಜೆಕ್ಟರ್ ಈಗಲೇ ಹಾಕಬೇಡಿ. ಹಳೆಯವನ್ನು ಟೆಸ್ಟ್ ಮಾಡಿಸಿ ಅವುಗಳಲ್ಲೇ ರಿಂಗ್ ಕೂರಿಸಿ. ಆಯಿಲ್ ಕುಡಿಯುವುದು ನಿಂತ ದಿನ ಇಲ್ಲಿ ಬರೆಯಿರಿ, ಇಂಜೆಕ್ಟರ್ ಸೈಜ್ ಅವತ್ತು ಮಾತಾಡೋಣ.