ಓದುಗರ ಸ್ಪಂದನ: ತಮ್ಮನಿಗೆ ಯಾವ ಮಾತ್ರೆಯೂ ಹಿಡಿಯುತ್ತಿಲ್ಲ, ಮುಂದೇನು?

ಸ್ಕಿಜೋಫ್ರೇನಿಯಾ (ಇಲ್ಲದ ದನಿಗಳು ಕೇಳಿಸುವಂಥ ಮನೋರೋಗ) ಇರುವ ತಮ್ಮನ ಬಗ್ಗೆ, ಈವರೆಗೆ ಕೊಟ್ಟ ಮಾತ್ರೆಗಳ ಪಟ್ಟಿಯೊಂದಿಗೆ ಅಕ್ಕ ಬರೆದಿದ್ದ ಪತ್ರಕ್ಕೆ ಬಂದ ಉತ್ತರಗಳು.

ಇನ್ನೇನೂ ದಾರಿ ಉಳಿದಿಲ್ಲ ಅಂತ ಬರೆದಿದ್ದೀರಿ. ಹಾಗಲ್ಲಮ್ಮ. ಎರಡು ಬೇರೆ ಬೇರೆ ಔಷಧಿಗಳನ್ನು ಸರಿಯಾದ ಪ್ರಮಾಣದಲ್ಲಿ, ಒಂದೊಂದನ್ನೂ 6 ವಾರವಾದರೂ ತಪ್ಪದೆ ತಗೊಂಡು ಗುಣ ಕಾಣದಿದ್ದರೆ, ಮುಂದಿನ ಔಷಧಿ ಕ್ಲೋಜಪಿನ್. ನೀವು ಕೊಟ್ಟ ಪಟ್ಟಿಯಲ್ಲಿ ಅದೊಂದೇ ಇಲ್ಲ. ಡಾಕ್ಟರ್ ಹತ್ತಿರ ನೀವೇ ಬಾಯಿಬಿಟ್ಟು ಕೇಳಿ. 1988ರ ಅಧ್ಯಯನವೊಂದರಲ್ಲಿ, ಬೇರೆ ಮಾತ್ರೆಗೆ ಬಗ್ಗದವರ ಪೈಕಿ ಸುಮಾರು 30% ಜನ ಇದರಿಂದ 6 ವಾರದಲ್ಲೇ ಸುಧಾರಿಸಿದರು. ಕೆಲವರಿಗೆ ತಿಂಗಳುಗಟ್ಟಲೆ ಬೇಕು, ಕೈಬಿಡಬೇಡಿ.

ಈ ಮಾತ್ರೆಯಿಂದ ಅಪರೂಪಕ್ಕೆ ಬಿಳಿ ರಕ್ತಕಣ ತೀರಾ ಕಡಿಮೆಯಾಗುತ್ತದೆ. ಅದಕ್ಕೇ ಮೊದಲ ತಿಂಗಳುಗಳಲ್ಲಿ ವಾರ ವಾರ ರಕ್ತ ಪರೀಕ್ಷೆ. ಜ್ವರ, ಗಂಟಲು ನೋವು, ಎದೆನೋವು ಬಂದರೆ ನಾಳೆ ನೋಡೋಣ ಅನ್ನಬೇಡಿ. ಇದನ್ನೇ ತಗೊಳ್ಳುವ ನನ್ನ ಮಗನಿಗೆ ರಾತ್ರಿ ಜೊಲ್ಲು ಸುರಿದು ದಿಂಬೆಲ್ಲ ಒದ್ದೆಯಾಗುತ್ತದೆ, ಮೇಲೊಂದು ಟವೆಲ್ ಹಾಸುತ್ತೇನೆ. ದನಿಗಳು ಪೂರ್ತಿ ನಿಂತಿಲ್ಲ. ಆದರೆ ಈಗ ನಮ್ಮ ಜೊತೆ ಊಟಕ್ಕೆ ಕೂರುತ್ತಾನೆ. "ಮಾತಾಡ್ತಾ ಇವೆ, ಆಡ್ಲಿ ಬಿಡಮ್ಮ" ಅಂತಾನೆ.
— ಒಬ್ಬ ತಾಯಿ

ನಾನು ಮನೋರೋಗ ವಾರ್ಡಿನಲ್ಲಿ ನರ್ಸ್ ಆಗಿದ್ದವಳು. ಕ್ಲೋಜಪಿನ್ ಶುರುವಾದರೆ ರಕ್ತದಷ್ಟೇ ಮಲಬದ್ಧತೆಯ ಮೇಲೂ ಕಣ್ಣಿಡಿ. ಸಣ್ಣ ವಿಷಯ ಅನಿಸುತ್ತೆ ಅಲ್ವಾ? ಕರುಳು ಕಟ್ಟಿಕೊಂಡು ಪ್ರಾಣಕ್ಕೇ ಕುತ್ತು ಬರಬಹುದು. ನಿಮ್ಮ ತಮ್ಮ ಸಂಕೋಚದಿಂದ ಹೇಳದಿದ್ದರೂ ನೀವು ಕೇಳಿ. ಸಿಗರೇಟ್ ಸೇದುವವರು ದಿಢೀರ್ ಅಂತ ಬಿಟ್ಟರೆ ರಕ್ತದಲ್ಲಿ ಔಷಧಿ ಜಾಸ್ತಿಯಾಗುತ್ತದೆ, ಡಾಕ್ಟರಿಗೆ ಮೊದಲೇ ತಿಳಿಸಿ. ಎರಡು ದಿನಕ್ಕಿಂತ ಹೆಚ್ಚು ಮಾತ್ರೆ ತಪ್ಪಿದರೆ ಹಳೆಯ ಡೋಸ್ ಸೀದಾ ಕೊಡಬಾರದು, ಡಾಕ್ಟರ್ ಮತ್ತೆ ಕಡಿಮೆಯಿಂದ ಶುರು ಮಾಡಿಸುತ್ತಾರೆ.
— ನಿವೃತ್ತ ನರ್ಸ್

ನನಗೇ ಈ ಕಾಯಿಲೆ ಇದೆ. ನಿಮ್ಮ ತಮ್ಮ ಮಾತ್ರೆ ನುಂಗುತ್ತಿದ್ದಾರಾ ಅಂತ ಮೊದಲು ನೋಡಿ, ಆದರೆ ಪೊಲೀಸರ ಹಾಗೆ ಬೇಡ. ದಿನಾ ನುಂಗಲು ಬೇಸರವಾದರೆ ವಾರಗಟ್ಟಲೆ ಕೆಲಸ ಮಾಡುವ ಇಂಜೆಕ್ಷನ್‌ಗಳಿವೆ. ಕ್ಲೋಜಪಿನ್ ಒಂದರಿಂದಲೇ ನನಗೆ ಸಾಲಲಿಲ್ಲ, ಜೊತೆಗೆ ಕರೆಂಟ್ ಚಿಕಿತ್ಸೆ (ಮೆದುಳಿಗೆ ಸ್ವಲ್ಪ ವಿದ್ಯುತ್ ಹಾಯಿಸುವ ಇಸಿಟಿ) ಕೊಟ್ಟರು. ಅರಿವಳಿಕೆ ಕೊಟ್ಟು ಮಾಡುತ್ತಾರೆ, ನೋವಾಗಲಿಲ್ಲ. ಸ್ವಲ್ಪ ದಿನ ಮರೆವಿತ್ತು. ಆಪ್ತಸಮಾಲೋಚನೆಯನ್ನೂ ಬಿಡಬೇಡಿ. ದನಿ ಬಂದಾಗ ಏನು ಮಾಡಬೇಕು ಅಂತ ನಾನು ಕಲಿತದ್ದು ಅಲ್ಲೇ. ಪತ್ರದ ತುಂಬ ನಿಮ್ಮ ಸಂಕಟವಿದೆ, ತಮ್ಮನ ಮಾತು ಒಂದೂ ಇಲ್ಲ. ಯಾವ ತೊಂದರೆ ಮೊದಲು ಹೋಗಬೇಕು ಅಂತ ಅವರನ್ನೇ ಕೇಳಿ, ಡಾಕ್ಟರ್ ಹತ್ತಿರ ಹೋಗುವಾಗ ಬರೆದುಕೊಂಡು ಹೋಗಿ.
— ಒಬ್ಬ ಓದುಗ