ಸೇರುವವರಷ್ಟೇ ಮಂದಿ ಬಿಟ್ಟುಹೋಗುತ್ತಿದ್ದಾರೆ: ಸಣ್ಣ ವ್ಯಾಯಾಮಶಾಲೆಯನ್ನು ಬೆಳೆಸುವುದು ಹೇಗೆ?

ಪ್ರಶ್ನೆ: ಬೆವರಹನಿ

ಮೂರು ವರ್ಷಗಳಿಂದ ಒಂದು ಸಣ್ಣ ವ್ಯಾಯಾಮಶಾಲೆಯನ್ನು ನಡೆಸುತ್ತಿದ್ದೇನೆ. ಇರುವುದು ಒಂದೇ ಕೋಣೆ. ಡಂಬೆಲ್‌ಗಳು, ಬಾರ್‌ಬೆಲ್‌ಗಳು, ನಾಲ್ಕಾರು ಬೆಂಚುಗಳು, ಒಂದು ಟ್ರೆಡ್‌ಮಿಲ್. ತರಬೇತಿ ಕೊಡುವವನು, ಶುಲ್ಕ ಪಡೆಯುವವನು, ನೆಲ ಒರೆಸುವವನು ಎಲ್ಲವೂ ನಾನೇ. ಬೆಳಗ್ಗೆ ಮೂರು, ಸಂಜೆ ಮೂರು ಬ್ಯಾಚ್‌ಗಳಿವೆ. ಒಂದು ಬ್ಯಾಚಿನಲ್ಲಿ ಹತ್ತು ಮಂದಿಗಿಂತ ಹೆಚ್ಚಿನವರನ್ನು ಗಮನವಿಟ್ಟು ನೋಡಿಕೊಳ್ಳಲು ನನ್ನಿಂದಾಗುವುದಿಲ್ಲ. ವಾರಕ್ಕೆ ಆರು ದಿನ ತರಬೇತಿ ಎಂದು ಹೇಳಿ ತಿಂಗಳ ಶುಲ್ಕ ಪಡೆಯುತ್ತೇನೆ.

ಮೊದಲ ವರ್ಷದಲ್ಲಿ ಸದಸ್ಯರ ಸಂಖ್ಯೆ ಅರವತ್ತಕ್ಕೆ ಮುಟ್ಟಿತು. ಆಮೇಲಿನ ಎರಡು ವರ್ಷಗಳಲ್ಲಿ ಅಲ್ಲಿಂದ ಮೇಲಕ್ಕೆ ಏಳಲೇ ಇಲ್ಲ. ತಿಂಗಳಿಗೆ ಐದಾರು ಮಂದಿ ಹೊಸದಾಗಿ ಸೇರುತ್ತಾರೆ, ಹೆಚ್ಚುಕಡಿಮೆ ಅಷ್ಟೇ ಮಂದಿ ಹೇಳದೆ ಕೇಳದೆ ಬರುವುದನ್ನು ನಿಲ್ಲಿಸುತ್ತಾರೆ. ಜಗಳವಿಲ್ಲ, ದೂರಿಲ್ಲ, ಒಂದು ದಿನ ಬರುವುದಿಲ್ಲ, ಆಮೇಲೆ ಎಂದೂ ಬರುವುದಿಲ್ಲ. ಈ ನಡುವೆ ಹತ್ತಿರದಲ್ಲೇ ದೊಡ್ಡ ಜಿಮ್ ಒಂದು ತೆರೆದಿದ್ದು, ಅವರ ಶುಲ್ಕ ನನ್ನದಕ್ಕಿಂತ ಕಡಿಮೆಯಿದೆ. ವರ್ಷದ ಶುಲ್ಕವನ್ನು ಒಟ್ಟಿಗೆ ಕಟ್ಟುವವರಿಗೆ ದೊಡ್ಡ ರಿಯಾಯಿತಿ ಕೊಟ್ಟರೆ ಜನ ನಿಲ್ಲುತ್ತಾರೆಯೇ? ಅಥವಾ ಇನ್ನೊಬ್ಬ ತರಬೇತುದಾರರನ್ನು ನೇಮಿಸಿಕೊಂಡು ಬ್ಯಾಚ್‌ಗಳನ್ನು ಹೆಚ್ಚಿಸಬೇಕೇ? ಈ ಕೆಲಸ ಮಾಡಿ ಅನುಭವವಿರುವವರು ದಯವಿಟ್ಟು ತಿಳಿಸಬೇಕಾಗಿ ವಿನಂತಿ.

ಉತ್ತರ: ಕೂಡುಕಳೆ

ನಾನು ತರಬೇತುದಾರನಲ್ಲ, ಸಣ್ಣ ವ್ಯಾಪಾರಗಳ ಲೆಕ್ಕಪತ್ರ ನೋಡುವವನು. ಆದ್ದರಿಂದ ಸ್ಕ್ವಾಟ್ ಬಗ್ಗೆ ನನ್ನನ್ನು ಕೇಳಬೇಡಿ, ಅಂಕಿಗಳ ಬಗ್ಗೆ ಮಾತ್ರ ಹೇಳುತ್ತೇನೆ.

ನಿಮ್ಮ ಸಂಖ್ಯೆ ಅರವತ್ತರಲ್ಲಿ ನಿಂತಿರುವುದು ಆಕಸ್ಮಿಕವಲ್ಲ. ತಿಂಗಳಿಗೆ ಆರು ಮಂದಿ ಸೇರುತ್ತಾರೆ, ಇರುವವರಲ್ಲಿ ಶೇ. 10ರಷ್ಟು ಮಂದಿ ಬಿಡುತ್ತಾರೆ ಎಂದುಕೊಳ್ಳಿ. ಸದಸ್ಯರು ಮೂವತ್ತು ಮಂದಿ ಇದ್ದಾಗ ಬಿಡುವವರು ಮೂವರು, ಹಾಗಾಗಿ ಸಂಖ್ಯೆ ಏರುತ್ತದೆ. ಅರವತ್ತಾದಾಗ ಬಿಡುವವರೂ ಆರು ಮಂದಿಯಾಗುತ್ತಾರೆ, ಅಲ್ಲಿಗೆ ಏರಿಕೆ ನಿಲ್ಲುತ್ತದೆ. ಸೇರುವವರ ಸಂಖ್ಯೆಯನ್ನು ಬಿಡುವವರ ಪ್ರಮಾಣದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ನಿಮ್ಮ ಮಿತಿ. ಅದೇ ಆರು ಮಂದಿ ಸೇರುತ್ತಿದ್ದು ಬಿಡುವವರ ಪ್ರಮಾಣ ಶೇ. 5ಕ್ಕೆ ಇಳಿದರೆ, ಒಂದು ಜಾಹೀರಾತನ್ನೂ ಹೆಚ್ಚಿಗೆ ಕೊಡದೆ, ಸದಸ್ಯರ ಸಂಖ್ಯೆ ನಿಧಾನವಾಗಿ 120ರ ಕಡೆಗೆ ಸಾಗುತ್ತದೆ. ಒಬ್ಬ ಸದಸ್ಯರು ಸರಾಸರಿ ಹತ್ತು ತಿಂಗಳು ಉಳಿಯುತ್ತಿದ್ದವರು ಇಪ್ಪತ್ತು ತಿಂಗಳು ಉಳಿದಂತಾಗುತ್ತದೆ. ಹೊಸಬರನ್ನು ಎರಡರಷ್ಟು ತಂದರೂ ಇದೇ ಫಲ ಸಿಗುತ್ತದೆ ನಿಜ, ಆದರೆ ಅದರ ಖರ್ಚು ಪ್ರತಿ ತಿಂಗಳೂ ಇರುತ್ತದೆ. ತಳ ಸೋರುವ ಕೊಡಕ್ಕೆ ನೀರು ಹೊರುವುದನ್ನು ನಿಲ್ಲಿಸುವ ಹಾಗಿರುವುದಿಲ್ಲ.

ವಾರ್ಷಿಕ ರಿಯಾಯಿತಿಯ ವಿಷಯಕ್ಕೆ ಬಂದರೆ, ದೊಡ್ಡ ಜಿಮ್‌ಗಳ ಲೆಕ್ಕವೇ ಬೇರೆ, ನಿಮ್ಮ ಲೆಕ್ಕವೇ ಬೇರೆ. ಅರ್ಥಶಾಸ್ತ್ರಜ್ಞರಾದ ಸ್ಟೆಫಾನೊ ಡೆಲ್ಲಾವಿಗ್ನಾ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ ಅಮೆರಿಕದ ಮೂರು ಹೆಲ್ತ್ ಕ್ಲಬ್‌ಗಳ ಸದಸ್ಯರ ಹಾಜರಿಯನ್ನು ಅಧ್ಯಯನ ಮಾಡಿ 2006ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ತಿಂಗಳ ಶುಲ್ಕ ಕಟ್ಟುತ್ತಿದ್ದವರು ಸರಾಸರಿ ತಿಂಗಳಿಗೆ 4.3 ಬಾರಿ ಮಾತ್ರ ಬರುತ್ತಿದ್ದರೆಂದೂ, ಬಂದ ದಿನಕ್ಕಷ್ಟೇ ಟಿಕೆಟ್ ಕೊಂಡಿದ್ದರೆ ಅವರಿಗೆ ಅಗ್ಗವಾಗುತ್ತಿತ್ತೆಂದೂ ತೋರಿಸಿದರು. ಬಾರದವರ ಹಣದಿಂದ ದೊಡ್ಡ ಜಿಮ್ ಬದುಕಬಲ್ಲದು, ಏಕೆಂದರೆ ಅಲ್ಲಿ ಯಾರು ಬರಲಿಲ್ಲವೆಂದು ಯಾರಿಗೂ ಗೊತ್ತಾಗುವುದಿಲ್ಲ. ನಿಮ್ಮಲ್ಲಿ ಬಾರದವರು ನವೀಕರಿಸುವುದಿಲ್ಲ, ಮೇಲಾಗಿ ಕಟ್ಟಿದ ಹಣ ದಂಡವಾಯಿತೆಂಬ ಬೇಸರವನ್ನು ಇನ್ನಿಬ್ಬರಿಗೆ ಹೇಳುತ್ತಾರೆ. ರಿಯಾಯಿತಿಯಿಂದ ಕೈಗೆ ಒಮ್ಮೆಗೇ ಹಣ ಬರುತ್ತದೆ, ಬಿಡುವವರು ಬಿಡುವುದು ಮಾತ್ರ ತಪ್ಪುವುದಿಲ್ಲ. ಅದು ನಿಮಗೆ ಕಾಣಿಸುವುದು ಒಂದು ವರ್ಷ ತಡವಾಗುತ್ತದೆ, ಅಷ್ಟೇ.

ಸದ್ಯಕ್ಕೆ ಒಂದು ಕೆಲಸ ಮಾಡಿ. ಕಳೆದ ಒಂದು ವರ್ಷದಲ್ಲಿ ಬಿಟ್ಟವರ ಹೆಸರುಗಳನ್ನು ಬರೆದು, ಪ್ರತಿಯೊಬ್ಬರ ಮುಂದೆ ಸೇರಿದ ದಿನಾಂಕ ಮತ್ತು ಕೊನೆಯ ಬಾರಿ ಬಂದ ದಿನಾಂಕವನ್ನು ನಮೂದಿಸಿ. ಎಷ್ಟನೆಯ ವಾರದಲ್ಲಿ ಬಿಟ್ಟರು ಎಂಬುದು ಕಣ್ಣಿಗೆ ಬಿದ್ದ ಮೇಲೆ ಮಾತನಾಡೋಣ.

ಉತ್ತರ: ಹದಿನೈದುವರ್ಷ

ಹೆಸರೇ ಹೇಳುವಂತೆ ಹದಿನೈದು ವರ್ಷಗಳಿಂದ ಜನರಿಗೆ ವ್ಯಾಯಾಮ ಹೇಳಿಕೊಡುತ್ತಿದ್ದೇನೆ. ಮೇಲಿನವರು ಹೇಳಿದ ಪಟ್ಟಿಯನ್ನು ಖಂಡಿತ ಮಾಡಿ. ಆದರೆ ಅದರಲ್ಲಿ ಏನು ಕಾಣುತ್ತದೆಂದು ಊಹಿಸಬಲ್ಲೆ. ಹೆಚ್ಚಿನವರು ಮೊದಲ ಮೂರು ತಿಂಗಳೊಳಗೇ ಬಿಟ್ಟಿರುತ್ತಾರೆ.

ಕಾರಣ ಬಹಳ ಸರಳ, ಮತ್ತು ಅದರಲ್ಲಿ ನಮ್ಮ ತಪ್ಪೇ ಹೆಚ್ಚು. ಹೊಸದಾಗಿ ಬಂದವರಿಗೆ ಮೊದಲ ದಿನವೇ ನಮ್ಮ ವಿದ್ಯೆಯನ್ನೆಲ್ಲ ತೋರಿಸಬೇಕೆಂಬ ಆಸೆ ನಮಗಿರುತ್ತದೆ. ಬೆವರು ಸುರಿಯುವಂತೆ ಮಾಡಿಸಿದರೆ ಕೊಟ್ಟ ಹಣಕ್ಕೆ ತಕ್ಕ ಫಲ ಸಿಕ್ಕಿತೆಂದು ಅವರು ಭಾವಿಸುತ್ತಾರೆ ಎಂದು ನಾವು ತಿಳಿಯುತ್ತೇವೆ. ರೂಢಿಯಿಲ್ಲದ ವ್ಯಾಯಾಮದಿಂದ ಬರುವ ಸ್ನಾಯುನೋವು ಅಂದೇ ಗೊತ್ತಾಗುವುದಿಲ್ಲ. ಅದು ಸಾಮಾನ್ಯವಾಗಿ 24ರಿಂದ 72 ಗಂಟೆಗಳ ನಡುವೆ ಜೋರಾಗುತ್ತದೆ. ಸೋಮವಾರ ನಗುತ್ತ ಹೋದವರು ಬುಧವಾರ ಮೆಟ್ಟಿಲು ಇಳಿಯಲಾಗದೆ ಮನೆಯಲ್ಲೇ ಉಳಿಯುತ್ತಾರೆ, ವ್ಯಾಯಾಮ ತಮ್ಮಂಥವರಿಗಲ್ಲ ಎಂದು ತೀರ್ಮಾನಿಸುತ್ತಾರೆ. ನಾನು ಈಗ ಮೊದಲ ಎರಡು ವಾರ ಬೇಕೆಂದೇ ಕಡಿಮೆ ಮಾಡಿಸುತ್ತೇನೆ. ಇಷ್ಟೇನಾ ಎಂದು ಅವರೇ ಕೇಳಬೇಕು. ಹಾಗೆ ಕೇಳಿದವರು ಮರುದಿನ ಬಂದೇ ಬರುತ್ತಾರೆ.

ಅದಕ್ಕೂ ಮೊದಲು, ಸೇರುವ ದಿನವೇ ಹೃದಯದ ತೊಂದರೆ, ಎದೆನೋವು, ತಲೆಸುತ್ತು, ಮೂಳೆ ಕೀಲುಗಳ ನೋವು, ತೆಗೆದುಕೊಳ್ಳುವ ಔಷಧಿಗಳ ಬಗ್ಗೆ ಬರವಣಿಗೆಯಲ್ಲಿ ಕೇಳಿ ತಿಳಿದುಕೊಳ್ಳಿ. ಪಾರ್-ಕ್ಯೂ ಎಂಬ ಪ್ರಶ್ನಾವಳಿ ಇದಕ್ಕಾಗಿಯೇ ಇದೆ. ಹೌದು ಎಂಬ ಉತ್ತರ ಬಂದ ಕಡೆ ವೈದ್ಯರ ಸಲಹೆ ಪಡೆದು ಬರಲು ಹೇಳುವುದರಿಂದ ಒಂದು ವಾರದ ಶುಲ್ಕ ತಪ್ಪಬಹುದು. ಆದರೆ ಆ ವ್ಯಕ್ತಿ ನಿಮ್ಮನ್ನು ನಂಬುವುದು ಅಲ್ಲಿಂದಲೇ ಆರಂಭವಾಗುತ್ತದೆ.

ಎರಡನೆಯದು, ಫಲವನ್ನು ಯಾವುದರಿಂದ ಅಳೆಯುತ್ತೀರಿ ಎಂಬುದು. ತೂಕದ ಯಂತ್ರವೊಂದನ್ನೇ ನೆಚ್ಚಿಕೊಂಡರೆ ಆರನೆಯ ವಾರದಲ್ಲಿ ಮುಖ ಬಾಡುವುದು ಖಚಿತ, ಏಕೆಂದರೆ ದೇಹದ ತೂಕ ನೀರಿನಂಶದಿಂದಲೇ ದಿನದಿಂದ ದಿನಕ್ಕೆ ಏರಿಳಿಯುತ್ತದೆ. ಆದರೆ ಶಕ್ತಿ ಹಾಗಲ್ಲ. ಹೊಸಬರಲ್ಲಿ ಮೊದಲ ಕೆಲವು ವಾರಗಳಲ್ಲಿ ಕಾಣುವ ಶಕ್ತಿವೃದ್ಧಿಗೆ ಮುಖ್ಯ ಕಾರಣ ಸ್ನಾಯು ದಪ್ಪವಾಗುವುದಲ್ಲ, ನರಮಂಡಲವು ಇರುವ ಸ್ನಾಯುಗಳನ್ನು ಚೆನ್ನಾಗಿ ದುಡಿಸಿಕೊಳ್ಳಲು ಕಲಿಯುವುದು. ಕನ್ನಡಿಯಲ್ಲಿ ಏನೂ ಕಾಣದಿರುವ ಕಾಲದಲ್ಲೇ ಡಂಬೆಲ್ಲಿನಲ್ಲಿ ಬದಲಾವಣೆ ಕಾಣುತ್ತದೆ ಎಂದರ್ಥ. ಆದ್ದರಿಂದ ಪ್ರತಿಯೊಬ್ಬರಿಗೂ ಒಂದು ಪುಸ್ತಕವಿಟ್ಟು, ಮೊದಲ ದಿನ ಕುರ್ಚಿಯಿಂದ ಕೈ ಊರದೆ ಎಷ್ಟು ಬಾರಿ ಎದ್ದರು, ಎಷ್ಟು ಭಾರ ಎತ್ತಿದರು, ಸೊಂಟದ ಸುತ್ತಳತೆ ಎಷ್ಟು ಎಂಬುದನ್ನು ಬರೆದಿಡಿ. ನಾಲ್ಕನೆಯ ವಾರದಲ್ಲಿ ಆ ಪುಟವನ್ನು ಅವರ ಎದುರಿಗೇ ತೆರೆಯಿರಿ. ನನ್ನ ಇಡೀ ವೃತ್ತಿಯಲ್ಲಿ ಇದಕ್ಕಿಂತ ಅಗ್ಗದ ಜಾಹೀರಾತನ್ನು ನಾನು ಕಂಡಿಲ್ಲ.

ಇನ್ನು ಆರು ದಿನದ ತರಬೇತಿಯ ಬಗ್ಗೆ ನನಗೆ ಸ್ವಲ್ಪ ತಕರಾರಿದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯ ಪ್ರಕಾರ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆ, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಬೇಕು. ಮೂರು ದಿನ ನಿಮ್ಮಲ್ಲಿಗೆ ಬಂದು, ಉಳಿದ ದಿನಗಳಲ್ಲಿ ಬಿರುಸಾಗಿ ನಡೆದರೆ ಇದು ಸುಲಭವಾಗಿ ಪೂರೈಸುತ್ತದೆ. ಆರು ದಿನಕ್ಕೆ ಹಣ ಕಟ್ಟಿ ಮೂರು ದಿನ ಬಂದವರು ಮೂರು ದಿನ ತಪ್ಪಿಸಿಕೊಂಡವರಾಗುತ್ತಾರೆ. ಮೂರು ದಿನಕ್ಕೆಂದೇ ಸೇರಿ ಮೂರೂ ದಿನ ಬಂದವರು ಮಾತಿಗೆ ತಪ್ಪದವರಾಗುತ್ತಾರೆ. ಬಂದ ದಿನಗಳು ಅಷ್ಟೇ, ಮನಸ್ಸಿನ ಸ್ಥಿತಿ ಮಾತ್ರ ಬೇರೆ. ಮೇಲಾಗಿ, ಬ್ಯಾಚ್‌ಗಳನ್ನು ಸೋಮ-ಬುಧ-ಶುಕ್ರ ಮತ್ತು ಮಂಗಳ-ಗುರು-ಶನಿ ಎಂದು ಒಡೆದರೆ, ಅದೇ ಕೋಣೆಯಲ್ಲಿ, ಅದೇ ಆರು ಬ್ಯಾಚ್‌ಗಳಲ್ಲಿ 120 ಮಂದಿಗೆ ಜಾಗವಾಗುತ್ತದೆ. ಕೂಡುಕಳೆಯವರು ಹೇಳಿದ ಸಂಖ್ಯೆಯೂ ಅದೇ ಎಂಬುದು ಕಾಕತಾಳೀಯ, ಆದರೂ ಸಂತೋಷದ ವಿಷಯ.

ಕೊನೆಯದಾಗಿ, ಒಂದು ವಾರ ಬಾರದವರಿಗೆ ನೀವೇ ಫೋನ್ ಮಾಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಮಂದಿಯ ಮೇಲೆ ನಡೆಸಿದ ಅಧ್ಯಯನದಲ್ಲಿ ಹೊಸ ಅಭ್ಯಾಸ ತಾನಾಗಿಯೇ ನಡೆಯುವಂತಾಗಲು ಹಿಡಿದ ಕಾಲ 18 ದಿನಗಳಿಂದ 254 ದಿನಗಳವರೆಗೆ ಇತ್ತು, ನಡುವಿನ ಅಂಕಿ 66 ದಿನ. ಅದೇ ಅಧ್ಯಯನದಲ್ಲಿ, ಒಮ್ಮೆ ತಪ್ಪಿದ್ದರಿಂದ ಅಭ್ಯಾಸ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಅಡ್ಡಿಯೇನೂ ಆಗಲಿಲ್ಲ. ಈ ಮಾತನ್ನು ಬಾರದವರಿಗೆ ತಿಳಿಸಿ. ಒಂದು ವಾರ ತಪ್ಪಿಸಿಕೊಂಡವರು ಸೋಮಾರಿತನದಿಂದ ದೂರವಾಗುವುದಕ್ಕಿಂತ ನಾಚಿಕೆಯಿಂದ ದೂರವಾಗುವುದೇ ಹೆಚ್ಚು. ಫೋನಿನಲ್ಲಿ ಶುಲ್ಕದ ಮಾತು ಎತ್ತಲೇಬಾರದು ಎಂಬುದನ್ನು ಮಾತ್ರ ಮರೆಯಬೇಡಿ.

ಉತ್ತರ: ಮಂಡಿನೋವು

ನಾನು ವ್ಯಾಯಾಮ ಕಲಿಸುವವಳಲ್ಲ, ಹಣ ಕೊಟ್ಟು ಕಲಿಯುವವಳು. ಎರಡು ಕಡೆ ಸೇರಿ ಬಿಟ್ಟು, ಮೂರನೆಯ ಕಡೆ ನಾಲ್ಕು ವರ್ಷಗಳಿಂದ ಇದ್ದೇನೆ. ಆ ಅನುಭವ ಉಪಯೋಗಕ್ಕೆ ಬರಬಹುದೆಂದು ಬರೆಯುತ್ತಿದ್ದೇನೆ.

ಮೊದಲ ಕಡೆ ನನ್ನ ಬಲಮಂಡಿಯಲ್ಲಿ ನೋವಿದೆ ಎಂದು ಮೂರು ಬಾರಿ ಹೇಳಿದ್ದೆ. ಮೂರು ಬಾರಿಯೂ ತಲೆಯಾಡಿಸಿದ ತರಬೇತುದಾರರು ನಾಲ್ಕನೆಯ ಬಾರಿ ಎಲ್ಲರ ಜೊತೆ ನನಗೂ ನೆಗೆಯುವ ವ್ಯಾಯಾಮವನ್ನೇ ಹೇಳಿದರು. ಅವರು ಕೆಟ್ಟವರಲ್ಲ, ನೆನಪಿಟ್ಟುಕೊಂಡಿರಲಿಲ್ಲ, ಅಷ್ಟೆ. ಎರಡನೆಯ ಕಡೆ ಯಂತ್ರಗಳು ಹೊಸದಾಗಿದ್ದವು, ಆದರೆ ಆರು ತಿಂಗಳಾದರೂ ನನ್ನ ಹೆಸರು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಈಗಿರುವ ಕಡೆ ಮೊದಲ ವಾರದಲ್ಲೇ ತರಬೇತುದಾರರು ನನ್ನನ್ನು ನನ್ನದೇ ವಯಸ್ಸಿನ ಇಬ್ಬರಿಗೆ ಪರಿಚಯಿಸಿದರು. ಇವತ್ತು ನಾನು ಹೋಗದಿದ್ದರೆ ತರಬೇತುದಾರರಿಗಿಂತ ಮೊದಲು ಅವರಿಬ್ಬರ ಸಂದೇಶ ಬರುತ್ತದೆ. ಪಕ್ಕದಲ್ಲಿ ಅರ್ಧ ಶುಲ್ಕಕ್ಕೆ ಇನ್ನೊಂದು ಜಿಮ್ ತೆರೆದರೂ ನಾನು ಹೋಗುವುದಿಲ್ಲ, ಏಕೆಂದರೆ ಅವರಿಬ್ಬರೂ ಅಲ್ಲಿರುವುದಿಲ್ಲ.

ಒಂದು ಸಣ್ಣ ಕೋರಿಕೆ: ಸದಸ್ಯರ ಮೊದಲಿನ ಮತ್ತು ಈಗಿನ ಚಿತ್ರಗಳನ್ನು ಅವರನ್ನು ಕೇಳದೆ ಎಲ್ಲೂ ಹಾಕಬೇಡಿ. ಹಾಗೆ ಮಾಡಿದ್ದಕ್ಕೆ ಬಿಟ್ಟುಹೋದವರನ್ನು ಕಂಡಿದ್ದೇನೆ.

ಪ್ರಶ್ನೆ ಕೇಳಿದವರ ಮರುಮಾತು: ಬೆವರಹನಿ

ಎಲ್ಲರಿಗೂ ಕೃತಜ್ಞತೆಗಳು. ಭಾನುವಾರ ಪೂರ್ತಿ ಕುಳಿತು ಪಟ್ಟಿ ಮಾಡಿದೆ. ಕಳೆದ ವರ್ಷ ಬಿಟ್ಟವರು 68 ಮಂದಿ. ಅವರಲ್ಲಿ 41 ಮಂದಿ ಹನ್ನೆರಡನೆಯ ವಾರ ದಾಟಿರಲಿಲ್ಲ. ಒಂದು ವರ್ಷ ಪೂರೈಸಿದ ಮೇಲೆ ಬಿಟ್ಟವರು ಒಂಬತ್ತೇ ಮಂದಿ, ಅವರಲ್ಲಿ ಐವರು ಊರು ಬಿಟ್ಟವರು. ದೊಡ್ಡ ಜಿಮ್ಮಿಗೆ ಹೋದವರು ನನಗೆ ತಿಳಿದಂತೆ ನಾಲ್ವರು ಮಾತ್ರ. ಎರಡು ವರ್ಷಗಳಿಂದ ಆ ಜಿಮ್ಮನ್ನು ಸುಮ್ಮನೆ ಬಯ್ಯುತ್ತಿದ್ದೆ.

ಇನ್ನೊಂದು ಸಂಗತಿಯೂ ಕಂಡಿತು. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಉಳಿದವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಇನ್ನೊಬ್ಬ ಸದಸ್ಯರ ಮಾತು ಕೇಳಿ ಬಂದವರು. ಹಾಗಾದರೆ ಸ್ನೇಹಿತರನ್ನು ಕರೆತಂದವರಿಗೆ ಶುಲ್ಕದಲ್ಲಿ ವಿನಾಯಿತಿ ಕೊಡಬಹುದೇ? ಹಾಗೆಯೇ ಎರಡನೆಯ ತರಬೇತುದಾರರ ವಿಷಯಕ್ಕೆ ಉತ್ತರ ಸಿಗಲಿಲ್ಲ. ನಿಜ ಹೇಳುವುದಾದರೆ, ಅವರು ಕೆಲಸ ಕಲಿತು ನನ್ನ ಸದಸ್ಯರನ್ನೇ ಕರೆದುಕೊಂಡು ಹೋಗಿಬಿಟ್ಟರೆ ಎಂಬ ಭಯ ನನಗಿದೆ.

ಉತ್ತರ: ಹದಿನೈದುವರ್ಷ

ಆ ಭಯ ಅಕಾರಣವಲ್ಲ. ನನಗೆ ಒಮ್ಮೆ ಹಾಗೆ ಆಗಿದೆ, ಹನ್ನೊಂದು ಮಂದಿ ಒಂದೇ ತಿಂಗಳಲ್ಲಿ ಹೋದರು. ಆಗ ತಿಳಿದದ್ದೇನೆಂದರೆ, ಆ ಹನ್ನೊಂದು ಮಂದಿಯ ನೋವು, ಗುರಿ, ಎತ್ತುವ ಭಾರ ಎಲ್ಲವೂ ಆ ತರಬೇತುದಾರನ ತಲೆಯಲ್ಲಿದ್ದವೇ ಹೊರತು ನನ್ನ ಪುಸ್ತಕದಲ್ಲಿ ಇರಲಿಲ್ಲ. ಅವರೊಡನೆ ತಿಂಗಳಿಗೊಮ್ಮೆಯೂ ನಾನು ಕುಳಿತು ಮಾತನಾಡಿರಲಿಲ್ಲ. ಈಗ ಪ್ರತಿ ಸದಸ್ಯರ ಪುಸ್ತಕ ಶಾಲೆಯಲ್ಲೇ ಇರುತ್ತದೆ, ನಾಲ್ಕನೆಯ ವಾರದ ಪರಿಶೀಲನೆಯನ್ನು ನಾನೇ ಮಾಡುತ್ತೇನೆ, ಇಬ್ಬರು ತರಬೇತುದಾರರು ಬ್ಯಾಚ್‌ಗಳನ್ನು ಅದಲುಬದಲು ಮಾಡಿಕೊಳ್ಳುತ್ತಾರೆ. ಅವರಿಗೆ ಕೊಡುವ ಸಂಬಳವನ್ನು ಹೊಸಬರ ಸಂಖ್ಯೆಗೆ ಗಂಟುಹಾಕದೆ, ಅವರ ಬ್ಯಾಚಿನಲ್ಲಿ ಮೂರು ತಿಂಗಳು ದಾಟಿದವರ ಸಂಖ್ಯೆಗೆ ಸ್ವಲ್ಪಮಟ್ಟಿಗೆ ಹೊಂದಿಸಿದ್ದೇನೆ. ಆದರೆ ನಿಮಗೆ ಈಗಲೇ ಇನ್ನೊಬ್ಬರು ಬೇಕಿಲ್ಲ. ಬ್ಯಾಚ್ ಒಡೆದು, ಸಂಖ್ಯೆ ತೊಂಬತ್ತು ದಾಟಿದ ಮೇಲೆ ಯೋಚಿಸಿ.

ಉತ್ತರ: ಕೂಡುಕಳೆ

ಕರೆತಂದವರಿಗೆ ವಿನಾಯಿತಿ ಕೊಡುವುದಾದರೆ ಹೊಸಬರು ಸೇರಿದ ದಿನ ಕೊಡಬೇಡಿ, ಅವರು ಹನ್ನೆರಡನೆಯ ವಾರ ದಾಟಿದ ದಿನ ಕೊಡಿ. ಆಗ ಕರೆತಂದವರು ತಮ್ಮ ಸ್ನೇಹಿತರನ್ನು ಎಬ್ಬಿಸಿ ಕರೆತರುವ ಕೆಲಸವನ್ನೂ ಮಾಡುತ್ತಾರೆ.

ಉತ್ತರ: ಮಂಡಿನೋವು

ಇದನ್ನು ನಾನು ಒಪ್ಪುವುದಿಲ್ಲ. ನನ್ನ ಗೆಳತಿಯನ್ನು ನಾನು ಕರೆದೊಯ್ದದ್ದು ಅವಳ ಬೆನ್ನುನೋವಿಗಾಗಿ. ಅದರಲ್ಲಿ ನನಗೆ ಲಾಭವಿದೆಯೆಂದು ಅವಳಿಗೆ ತಿಳಿದರೆ ನನ್ನ ಮಾತಿನ ತೂಕ ಇಳಿಯುತ್ತದೆ. ಕೊಡಲೇಬೇಕೆಂದಿದ್ದರೆ ಇಬ್ಬರಿಗೂ ಸಮನಾಗಿ ಕೊಡಿ, ಇಬ್ಬರಿಗೂ ತಿಳಿಯುವಂತೆ ಕೊಡಿ.

ಪ್ರಶ್ನೆ ಕೇಳಿದವರ ಮರುಮಾತು: ಬೆವರಹನಿ

ಇಬ್ಬರಿಗೂ ಸಮನಾಗಿ, ಹನ್ನೆರಡನೆಯ ವಾರದಲ್ಲಿ ಎಂದು ತೀರ್ಮಾನಿಸಿದ್ದೇನೆ. ಮುಂದಿನ ತಿಂಗಳಿನಿಂದ ಮೂರು ದಿನದ ಬ್ಯಾಚ್‌ಗಳು ಆರಂಭವಾಗುತ್ತವೆ. ಆರು ದಿನ ಬರುವ ಹಳಬರು ಎಂಟು ಮಂದಿ ಇದ್ದಾರೆ, ಅವರು ಹಾಗೆಯೇ ಮುಂದುವರಿಯುತ್ತಾರೆ. ನಿನ್ನೆ ಸಂಜೆ, ಎರಡು ವಾರಗಳಿಂದ ಬಾರದ ನಾಲ್ವರಿಗೆ ಫೋನ್ ಮಾಡಿದೆ. ಒಬ್ಬರು ಎತ್ತಲಿಲ್ಲ. ಒಬ್ಬರು ಬಿಟ್ಟೆನೆಂದು ಸ್ಪಷ್ಟವಾಗಿ ಹೇಳಿದರು. ಮೂರನೆಯವರಿಗೆ ಜ್ವರವಿತ್ತಂತೆ. ನಾಲ್ಕನೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಇಷ್ಟು ದಿನ ತಪ್ಪಿಸಿದ ಮೇಲೆ ಬಂದರೆ ನೀವು ಏನೆಂದುಕೊಳ್ಳುತ್ತೀರೋ ಎಂದು ಹಿಂಜರಿಯುತ್ತಿದ್ದೆ ಎಂದರು. ಇವತ್ತು ಬೆಳಗ್ಗೆ ಆರೂವರೆಗೆ ಬಂದಿದ್ದರು.